ಕಾಗೆ ಕಾಲು, ಗುಬ್ಬಿ ಕಾಲು: ಚಿಹ್ನೆಗಳಲ್ಲೇ ಬರೆಯುವ ‘ವೀವಾ’ ಭಾಷೆಯನ್ನು ಓದುವುದು ಹೇಗೆ?

ಮಳೆಗಾಲ ಬಂತೆಂದರೆ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಪೇಪರ್ ಬಿಡಿಸಿದವರ ಕಣ್ಣು ಮೊದಲು ಹೋಗುವುದು ಒಂದು ಸಣ್ಣ ಪೆಟ್ಟಿಗೆಗೆ. ತುಂಗಭದ್ರಾ ಜಲಾಶಯ. ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಹೊಲ ಇದ್ದವರೂ ನೋಡುತ್ತಾರೆ, ಇಲ್ಲದವರೂ ನೋಡುತ್ತಾರೆ. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗನಿಗೆ ಈ ಅಂಕಿಗಳನ್ನು ದಿನಾ ಬರೆದಿಟ್ಟುಕೊಳ್ಳುವ ಚಟ. ಮೊನ್ನೆ ಅವನು ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸಿದ.

÷⊃⧻/+

ಕೆಳಗೆ ಬರೆದಿದ್ದ: “ಮಾಮಾ, ಇದು ಪೂರ್ತಿ ಒಂದು ಪ್ರೋಗ್ರಾಮ್ ಅಂತೆ. ವಾರದ ಒಳಹರಿವು ಕೊಟ್ಟರೆ ಸರಾಸರಿ ತೆಗೀತದಂತೆ. ನನಗೇನೋ ಕಾಗೆ ಕಾಲು, ಗುಬ್ಬಿ ಕಾಲು ಬರೆದಂಗೆ ಕಾಣ್ತದೆ. ನಿಜಾನಾ?”

ನಿಜ. ಆ ಐದು ಚಿಹ್ನೆಗಳೇ ಪ್ರೋಗ್ರಾಮ್. ಭಾಷೆಯ ಹೆಸರು ವೀವಾ. ಇಂಗ್ಲಿಷಿನಲ್ಲಿ ಯು, ಐ, ಯು, ಎ ಎಂದು ನಾಲ್ಕೇ ಅಕ್ಷರ ಬರೆಯುತ್ತಾರೆ, ನಾಲ್ಕೂ ಸ್ವರಗಳೇ. ಕಾಯ್ ಶ್ಮಿಟ್ ಎಂಬ ಪ್ರೋಗ್ರಾಮರ್ ಮಾಡಿದ ಈ ಭಾಷೆ 2023ರಲ್ಲಿ ಹೊರಗೆ ಬಂತು. ಉಚಿತ, ಅದರ ಒಳಗಿನ ಕೋಡ್ ಕೂಡ ಯಾರು ಬೇಕಾದರೂ ನೋಡಬಹುದು. ಕಂಪ್ಯೂಟರ್ ಭಾಷೆಯ ಗಂಧಗಾಳಿ ಇಲ್ಲದವರೂ ಇದನ್ನು ಓದುವುದು ಕಲಿಯಬಹುದು. ಇದೇ ಐದು ಚಿಹ್ನೆಗಳನ್ನು ಈ ಲೇಖನದ ನಡುವೆ ಎಲ್ಲೋ ಒಂದು ಕಡೆ ನೀವೇ ಓದುತ್ತೀರಿ.

ಅರೇ ಅಂದರೆ ಒಂದು ಸಾಲು, ಅಷ್ಟೇ

ವೀವಾ ಒಂದು ‘ಅರೇ’ ಭಾಷೆ. ಅರೇ ಅಂದರೆ ಒಂದೇ ಜಾತಿಯ ಸಂಗತಿಗಳನ್ನು ಸಾಲಾಗಿ ಜೋಡಿಸಿಟ್ಟದ್ದು.

ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳಿವೆ. ಪ್ರತಿ ಗೇಟು ಎಷ್ಟು ಅಡಿ ಎತ್ತಿದೆ ಎಂದು ಒಂದು ಕಡೆಯಿಂದ ಬರೆದುಕೊಂಡು ಹೋಗಿ. ಮುಚ್ಚಿದ್ದರೆ ಸೊನ್ನೆ. 33 ಅಂಕಿಗಳ ಒಂದು ಸಾಲು ಬಂತು. ಅದೇ ಅರೇ. ನಾಳೆ ಅದರ ಕೆಳಗೆ ಇನ್ನೊಂದು ಸಾಲು, ನಾಡಿದ್ದು ಮತ್ತೊಂದು. ತಿಂಗಳಾದ ಮೇಲೆ 30 ಸಾಲು, 33 ಕಾಲಂ ಇರುವ ಒಂದು ಪಟ್ಟಿ. ಅದೂ ಅರೇನೇ, ಎರಡು ಆಯಾಮದ್ದು.

ಇನ್ನೂ ಮುಂದೆ ಹೋಗಬಹುದು. ನಿಮ್ಮ ಮೊಬೈಲಿನ ಫೋಟೋ ಕೂಡ ಅಂಕಿಗಳ ಅರೇ. ಮೇಲಿಂದ ಕೆಳಗೆ ಇಷ್ಟು ಚುಕ್ಕಿ, ಎಡದಿಂದ ಬಲಕ್ಕೆ ಇಷ್ಟು ಚುಕ್ಕಿ, ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ. ಹಾಡೂ ಹಾಗೆಯೇ, ಒಂದು ಉದ್ದನೆಯ ಸಾಲು. ಈಗ ಎಲ್ಲರ ಬಾಯಲ್ಲೂ ಇರುವ ಎಐ ಇದೆಯಲ್ಲ, ಅದರ ಹೊಟ್ಟೆಯೊಳಗೆ ನಡೆಯುವುದೂ ಬಹುಪಾಲು ದೊಡ್ಡ ದೊಡ್ಡ ಅರೇಗಳ ಗುಣಾಕಾರ, ಕೂಡಿಕೆ. ಹಾಗಾಗಿಯೇ ಕಂಪ್ಯೂಟರ್ ಓದುವ ಹುಡುಗರು ಅರೇ ಅನ್ನುವ ಮಾತನ್ನು ಈಗ ಜಾಸ್ತಿ ಕೇಳುತ್ತಿದ್ದಾರೆ.

ಪಂಕ್ತಿಯಲ್ಲಿ ಬಡಿಸುವ ರೀತಿ

ಕೊಪ್ಪಳದ ಗವಿಮಠದ ಜಾತ್ರೆ ದಾಸೋಹದಲ್ಲಿ ಮಿರ್ಚಿ ಬಡಿಸುವ ದಿನ ನೀವು ಕೂತಿರಬಹುದು. ಅಲ್ಲಿ ಮೇಲ್ವಿಚಾರಣೆ ಮಾಡುವ ಹಿರಿಯರು ಏನು ಹೇಳುತ್ತಾರೆ? “ಈ ಸಾಲಿಗೆ ಮಿರ್ಚಿ!” ಅಷ್ಟೇ.

ಅವರು ಹೀಗೆ ಹೇಳುವುದಿಲ್ಲ: “ಮೊದಲನೇ ತಟ್ಟೆ ಹತ್ತಿರ ಹೋಗು. ಒಂದು ಮಿರ್ಚಿ ಹಾಕು. ಸಾಲು ಮುಗಿಯಿತಾ ನೋಡು. ಮುಗಿದಿಲ್ಲವೆಂದರೆ ಮುಂದಿನ ತಟ್ಟೆಗೆ ಹೋಗು. ಮತ್ತೆ ಒಂದು ಮಿರ್ಚಿ ಹಾಕು.” ಹೀಗೆ ಹೇಳುತ್ತಾ ನಿಂತರೆ ಮಿರ್ಚಿ ಆರಿಹೋಗುತ್ತದೆ.

ಆದರೆ ನಾವು ಸಾಮಾನ್ಯವಾಗಿ ಕಲಿಯುವ ಕಂಪ್ಯೂಟರ್ ಭಾಷೆಗಳಲ್ಲಿ ಹೇಳುವುದು ಈ ಎರಡನೆಯ ರೀತಿಯಲ್ಲೇ. ಅದಕ್ಕೆ ಲೂಪ್ ಎನ್ನುತ್ತಾರೆ. ಒಂದೊಂದನ್ನೇ ಎತ್ತಿಕೋ, ಕೆಲಸ ಮಾಡು, ಮುಂದಕ್ಕೆ ಹೋಗು. ಅರೇ ಭಾಷೆಯಲ್ಲಿ ಹೇಳುವುದು ಹಿರಿಯರ ಹಾಗೆ, ಇಡೀ ಸಾಲಿಗೆ ಒಂದೇ ಮಾತು.

+1 [4 7 2]

ಎಂದು ಬರೆದರೆ ಉತ್ತರ [5 8 3]. ಮೂರು ತಟ್ಟೆಗೂ ಒಂದೊಂದು ಬಿತ್ತು. ಸಾಲಿನಲ್ಲಿ ಮೂರು ಇರಲಿ, ಮೂರು ಲಕ್ಷ ಇರಲಿ, ಬರೆಯುವುದು ಇಷ್ಟೇ. ಪಟ್ಟಿ ಇದ್ದರೂ ಇಷ್ಟೇ, ಬರೀ ಒಂದು ಅಂಕಿ ಇದ್ದರೂ ಇಷ್ಟೇ. ನನ್ನ ಕೇಳಿದರೆ ಈ ಭಾಷೆಗಳ ಜೀವ ಇರುವುದು ಇಲ್ಲಿ. ಚಿಹ್ನೆಗಳು ಆಮೇಲೆ ಬಂದ ಉಡುಪು.

ಹಾಗಾದರೆ ಚಿಹ್ನೆ ಯಾಕೆ?

ಇದಕ್ಕೆ ಸುಮಾರು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ಕೆನಡಾದಲ್ಲಿ ಹುಟ್ಟಿದ ಕೆನೆತ್ ಐವರ್ಸನ್ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಪಟ್ಟಿಗಳ ಮೇಲೆ ನಡೆಯುವ ಲೆಕ್ಕಗಳನ್ನು ಹಲಗೆ ಮೇಲೆ ವಿವರಿಸಲು ಮಾತು ತುಂಬಾ ಬೇಕಾಗುತ್ತಿತ್ತು. ಗಣಿತದ ಹಳೆಯ ಬರವಣಿಗೆ ಸಾಲದೆ, ತಮ್ಮದೇ ಗುರುತುಗಳನ್ನು ಮಾಡಿಕೊಂಡರು. ಆಗ ಅದು ಕಂಪ್ಯೂಟರಿಗೆ ಅಲ್ಲ, ಮನುಷ್ಯರು ಮನುಷ್ಯರಿಗೆ ಹೇಳಲು ಮಾಡಿದ್ದು.

1960ರಲ್ಲಿ ಅವರು ಕಂಪ್ಯೂಟರ್ ಕಂಪನಿ ಐಬಿಎಂ ಸೇರಿದರು. 1962ರಲ್ಲಿ ಈ ಬರವಣಿಗೆಯ ಬಗ್ಗೆ ಪುಸ್ತಕ ಬಂತು. ಅದರ ಹೆಸರು ‘ಒಂದು ಪ್ರೋಗ್ರಾಮಿಂಗ್ ಭಾಷೆ’ ಎಂಬರ್ಥದ್ದು. ಅಂಗಡಿಗೆ ‘ಒಂದು ಅಂಗಡಿ’ ಎಂದು ಬೋರ್ಡ್ ಹಾಕಿದ ಹಾಗೆ! ಆ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಎಪಿಎಲ್. 1966ರ ಹೊತ್ತಿಗೆ ಅದು ಐಬಿಎಂನ ಕಂಪ್ಯೂಟರಿನಲ್ಲಿ ನಿಜವಾದ ಭಾಷೆಯಾಗಿ ಓಡತೊಡಗಿತು.

ಆಗ ಈಗಿನಂತೆ ಪರದೆ ಇರಲಿಲ್ಲ. ಟೈಪ್‌ರೈಟರ್‌ನಂಥ ಯಂತ್ರದಲ್ಲಿ ಬರೆಯಬೇಕು. ಆ ಯಂತ್ರದ ಅಕ್ಷರಗಳೆಲ್ಲ ಗಾಲ್ಫ್ ಚೆಂಡಿನ ಗಾತ್ರದ ಒಂದು ಉಂಡೆಯ ಮೇಲೆ ಇರುತ್ತಿದ್ದವು. ಉಂಡೆ ತಿರುಗಿ ತಿರುಗಿ ಕಾಗದಕ್ಕೆ ಬಡಿಯುತ್ತಿತ್ತು. ಉಂಡೆಯ ಮೇಲೆ 88 ಅಕ್ಷರಕ್ಕೆ ಮಾತ್ರ ಜಾಗ. ಚಿಹ್ನೆಗಳೋ ಅದಕ್ಕಿಂತ ಜಾಸ್ತಿ ಬೇಕು. ಅದಕ್ಕೆ ಒಂದು ಉಪಾಯ ಮಾಡಿದರು: ಒಂದು ಗುರುತು ಬಡಿದು, ಒಂದು ಮನೆ ಹಿಂದಕ್ಕೆ ಬಂದು, ಅದರ ಮೇಲೆಯೇ ಇನ್ನೊಂದು ಬಡಿಯುವುದು. ವೃತ್ತ ○ ಬಡಿದು ಅದರ ಮೇಲೆ ನೆಟ್ಟನೆ ಗೀಟು | ಬಡಿದರೆ ⌽ ಆಯಿತು. ಅರ್ಥ: ಸಾಲನ್ನು ಹಿಂದುಮುಂದು ಮಾಡು. ತ್ರಿಕೋನದ ಮೇಲೆ ಗೀಟು ಬಡಿದರೆ ⍋. ಅರ್ಥ: ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಲು ಯಾವುದು ಮೊದಲು, ಯಾವುದು ಆಮೇಲೆ ಹೇಳು.

ಕನ್ನಡದವರಿಗೆ ಇದೇನು ಹೊಸದಲ್ಲ. ಕ ಕೆಳಗೆ ಒಂದು ಒತ್ತು ಕೊಟ್ಟರೆ ಕ್ಕ, ಬೇರೆ ಒತ್ತು ಕೊಟ್ಟರೆ ಕ್ಷ. ಸ್ವಲ್ಪ ಗುರುತುಗಳಿಂದ ತುಂಬಾ ಅಕ್ಷರ ಮಾಡಿಕೊಳ್ಳುವ ವಿದ್ಯೆ ನಮ್ಮ ಒಂದನೇ ಕ್ಲಾಸಿನಲ್ಲೇ ಆಗಿದೆ.

ಐವರ್ಸನ್ ಮಾಡಿದ ಗುರುತುಗಳಲ್ಲಿ ಎರಡನ್ನು ನೀವು ಕಾಲೇಜಿನ ಗಣಿತದಲ್ಲಿ ನೋಡಿರಲೂಬಹುದು. ⌊ ಮತ್ತು ⌈. ಚಿಲ್ಲರೆ ಬಿಟ್ಟು ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಸುವುದು ಒಂದು, ಮೇಲಿನದಕ್ಕೆ ಏರಿಸುವುದು ಇನ್ನೊಂದು. ಆ 1962ರ ಪುಸ್ತಕದಿಂದ ಹೊರಟು ಅವು ಗಣಿತದವರ ಸ್ವತ್ತೇ ಆಗಿಹೋದವು. 1979ರಲ್ಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಪ್ರಶಸ್ತಿಯಾದ ಟ್ಯೂರಿಂಗ್ ಪ್ರಶಸ್ತಿ ಬಂದಾಗ ಮಾಡಿದ ಭಾಷಣದ ವಿಷಯವೂ ಇದೇ: ಬರೆಯುವ ಗುರುತು ಚೆನ್ನಾಗಿದ್ದರೆ ಯೋಚನೆಗೂ ಅದು ಸಲಕರಣೆಯಾಗುತ್ತದೆ. ‘ಹದಿನೇಳರ ಜೊತೆ ಇಪ್ಪತ್ತಾರನ್ನು ಕೂಡಿಸಿದಾಗ’ ಎಂದು ಮಾತಿನಲ್ಲಿ ಬರೆದು ಲೆಕ್ಕ ಮಾಡಲು ಹೋಗಿ ನೋಡಿ, ಗೊತ್ತಾಗುತ್ತದೆ.

ಎಪಿಎಲ್‌ಗೆ ಮಕ್ಕಳು ಮೊಮ್ಮಕ್ಕಳು ಬಹಳ. 1990ರಲ್ಲಿ ಐವರ್ಸನ್ ಮತ್ತು ರೋಜರ್ ಹ್ಯೂಯಿ ಸೇರಿ ಜೆ ಎಂಬ ಭಾಷೆ ತಂದರು. ಅದರಲ್ಲಿ ವಿಶೇಷ ಚಿಹ್ನೆ ಬಿಟ್ಟು ಮಾಮೂಲಿ ಕೀಬೋರ್ಡಿನ ಗುರುತುಗಳನ್ನೇ ಬಳಸಿದರು. ಆರ್ಥರ್ ವಿಟ್ನಿ ಕೆ ಎಂಬ ಭಾಷೆ ಮಾಡಿದರು. ಷೇರುಪೇಟೆಯ ದರ ಕ್ಷಣಕ್ಷಣಕ್ಕೂ ಬರುತ್ತದಲ್ಲ, ಅದನ್ನು ಹಿಡಿದಿಡಲು ದೊಡ್ಡ ಬ್ಯಾಂಕುಗಳು ಆ ವಂಶದ ಭಾಷೆಗಳನ್ನು ಬಳಸುತ್ತವೆ. 2020ರಲ್ಲಿ ಬಿಕ್ಯೂಎನ್ ಬಂತು, ಮತ್ತೆ ಚಿಹ್ನೆಗಳೊಂದಿಗೆ. ವೀವಾ ಈ ಮನೆತನದ ಕಿರಿಯ ಕೂಸುಗಳಲ್ಲಿ ಒಂದು.

ಬಲಗಡೆಯಿಂದ ಓದಿ, ಕನ್ನಡವೇ ಆಗುತ್ತದೆ

ಈಗ ಅಣೆಕಟ್ಟಿಗೆ ವಾಪಸ್ ಬರೋಣ. ಒಂದು ವಾರದ ಒಳಹರಿವು ಹೀಗಿತ್ತು ಎಂದುಕೊಳ್ಳಿ. ಇದು ಉದಾಹರಣೆಗೆ ನಾನೇ ಬರೆದ ಅಂಕಿ, ಯಾವುದೋ ನಿಜವಾದ ವಾರದ್ದಲ್ಲ. ಲೆಕ್ಕ ಕ್ಯೂಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಎಂದು.

[20000 24000 31000 28000 18000 15000 12000]

ಈ ಸಾಲಿನ ಎಡಕ್ಕೆ ಒಂದೊಂದೇ ಚಿಹ್ನೆ ಇಡುತ್ತಾ ಹೋಗೋಣ.

/+ ಇಟ್ಟರೆ 148000. ಈ ಓರೆಗೀಟು ಒಂದು ಕೆಲಸದವನಿದ್ದಂತೆ. ಅವನ ಪಕ್ಕ ಯಾವ ಚಿಹ್ನೆ ಇದೆಯೋ ಅದನ್ನು ಸಾಲಿನ ಎಲ್ಲ ಅಂಕಿಗಳ ನಡುವೆ ತುರುಕುತ್ತಾನೆ. + ಕೊಟ್ಟರೆ ಎಲ್ಲದರ ನಡುವೆ ಕೂಡುವ ಗುರುತು, ಒಟ್ಟು ಮೊತ್ತ ಬಂತು. × ಕೊಟ್ಟರೆ ಎಲ್ಲದರ ಗುಣಲಬ್ಧ. ‘ಎರಡರಲ್ಲಿ ದೊಡ್ಡದು’ ಎಂಬರ್ಥದ ↥ ಕೊಟ್ಟು /↥ ಎಂದರೆ 31000, ವಾರದ ಅತಿ ಹೆಚ್ಚಿನ ಹರಿವು. ಒಂದೇ ಕೆಲಸದವ, ಕೈಗೆ ಕೊಟ್ಟ ಸಲಕರಣೆ ಬೇರೆ.

ಗೀಟನ್ನು ತಿರುಗಿಸಿ \+ ಎಂದರೆ ದಾರಿಯುದ್ದಕ್ಕೂ ಲೆಕ್ಕ ಹೇಳುತ್ತಾ ಬರುತ್ತದೆ:

[20000 44000 75000 103000 121000 136000 148000]

ಕಿರಾಣಿ ಅಂಗಡಿಯ ಖಾತೆ ಪುಸ್ತಕದಲ್ಲಿ ‘ಹಿಂದಿನ ಬಾಕಿ ಸೇರಿ’ ಎಂದು ಬರೆಯುತ್ತಾರಲ್ಲ, ಅದೇ.

>20000 ಇಟ್ಟರೆ [0 1 1 1 0 0 0]. ಇಪ್ಪತ್ತು ಸಾವಿರ ದಾಟಿದ ದಿನಕ್ಕೆ ಒಂದು, ಉಳಿದದ್ದಕ್ಕೆ ಸೊನ್ನೆ. ಹೌದು, ಅಲ್ಲ ಎಂಬ ಉತ್ತರವೂ ಇಲ್ಲಿ ಅಂಕಿಯೇ. ಇದರಲ್ಲಿ ಒಂದು ಜಾಣತನ ಇದೆ. ಅಂಕಿಯಾದ್ದರಿಂದ ಅದನ್ನೂ ಕೂಡಬಹುದು. /+>20000 ಎಂದರೆ 3. ‘ಎಷ್ಟು ದಿನ ದಾಟಿತು’ ಎಂಬ ಪ್ರಶ್ನೆಗೆ ಉತ್ತರ ಬಂದೇಬಿಟ್ಟಿತು. ಎಣಿಸುವುದಕ್ಕೆ ಅಂತ ಬೇರೆ ಸಾಧನ ಬೇಕಾಗಲಿಲ್ಲ.

ಯಾವ ಯಾವ ದಿನ ಅಂತಲೂ ಕೇಳಬಹುದು. ⊚ ಅಂದರೆ ‘ಎಲ್ಲೆಲ್ಲಿ?’. ⊚>20000 ಎಂದರೆ [1 2 3]. ಅರೆ, ಎರಡು, ಮೂರು, ನಾಲ್ಕನೇ ದಿನ ಅಲ್ವಾ? ಹೌದು. ಆದರೆ ವೀವಾ ಎಣಿಸುವುದು ಸೊನ್ನೆಯಿಂದ. ನಮ್ಮ ರೂಢಿಗೆ ತರಬೇಕಾದರೆ ಎಡಕ್ಕೆ ಇನ್ನೊಂದು +1 ಇಡಿ. +1⊚>20000 ಎಂದರೆ [2 3 4].

ಈಗ ಕ್ಯೂಸೆಕ್‌ನಿಂದ ಟಿಎಂಸಿಗೆ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಲೆಕ್ಕ ಹಾಕಿದರೆ, ಸುಮಾರು 11,574 ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ. ಹಾಗಾಗಿ:

÷11574/+ [20000 24000 31000 28000 18000 15000 12000]

ಉತ್ತರ 12.78 ಚಿಲ್ಲರೆ. ಕಟ್ಟಿದ ಕಾಲಕ್ಕೆ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ, ಹೂಳು ತುಂಬಿ ಈಗ 105.788 ಟಿಎಂಸಿಗೆ ಇಳಿದಿರುವ ಜಲಾಶಯಕ್ಕೆ ಒಂದು ವಾರದಲ್ಲಿ ಇಷ್ಟು ಬಂದರೆ ರೈತರ ಮುಖ ಅರಳುತ್ತದೆ.

ಈ ಸಾಲನ್ನು ಬಲತುದಿಯಿಂದ ಓದಿ ನೋಡಿ. “ಈ ಏಳು ಅಂಕಿಗಳನ್ನು ಕೂಡಿಸಿ, 11574ರಿಂದ ಭಾಗಿಸು.” ಪಕ್ಕಾ ಕನ್ನಡ ವಾಕ್ಯ. ಕನ್ನಡದಲ್ಲಿ ಮೊದಲು ವಸ್ತು ಬರುತ್ತದೆ, ಕೊನೆಗೆ ಕ್ರಿಯಾಪದ. ನೀರನ್ನು ಕಾಸಿ, ಸಕ್ಕರೆ ಹಾಕಿ, ಸೋಸು. ಇಂಗ್ಲಿಷಿನವರು ಕ್ರಿಯಾಪದವನ್ನು ಮೊದಲು ಹೇಳುತ್ತಾರೆ, ಅವರಿಗೆ ಈ ಸಾಲು ಎಡದಿಂದ ಹಿತವಾಗುತ್ತದೆ. ನಮಗೆ ಬಲದಿಂದ. ಯಂತ್ರವೂ ಕೆಲಸ ಮಾಡುವುದು ಬಲದಿಂದಲೇ. ಈ ಒಂದು ವಿಷಯದಲ್ಲಿ ನಮಗೆ ಲಾಭ.

ಎಡದಂಡೆ, ಬಲದಂಡೆ

ಇನ್ನು ಅಕ್ಕನ ಮಗ ಕಳಿಸಿದ ಸಾಲು. ÷⊃⧻/+

ಇದರಲ್ಲಿ /+ ಗೊತ್ತಾಯಿತು, ಮೊತ್ತ. ÷ ಗೊತ್ತೇ ಇದೆ. ⧻ ಅಂದರೆ ಸಾಲಿನ ಉದ್ದ, ಎಷ್ಟು ಅಂಕಿಗಳಿವೆ ಎಂದು. ನಮ್ಮ ವಾರಕ್ಕೆ 7. ಉಳಿದದ್ದು ⊃ ಒಂದೇ. ಇದರ ಹೆಸರು ಫೋರ್ಕ್, ಕವಲು.

ತುಂಗಭದ್ರೆಯ ನೀರು ಅಣೆಕಟ್ಟಿನಿಂದ ಎಡದಂಡೆ ಕಾಲುವೆಗೂ ಹೋಗುತ್ತದೆ, ಬಲದಂಡೆ ಕಾಲುವೆಗೂ ಹೋಗುತ್ತದೆ. ⊃ ಮಾಡುವುದೂ ಅದೇ. ಒಂದೇ ಸಾಲನ್ನು ಎರಡು ಕಾಲುವೆಗೆ ಬಿಡುತ್ತದೆ. ಒಂದರಲ್ಲಿ ⧻ ಕೂತು ಉದ್ದ ಅಳೆಯುತ್ತದೆ. ಇನ್ನೊಂದರಲ್ಲಿ /+ ಕೂತು ಮೊತ್ತ ತೆಗೆಯುತ್ತದೆ. ಒಂದೇ ವ್ಯತ್ಯಾಸ. ನೀರಾದರೆ ಹಂಚಿಹೋಗುತ್ತದೆ, ಅಂಕಿ ಹಾಗಲ್ಲ. ಎರಡೂ ಕಾಲುವೆಗೆ ಪೂರ್ತಿ ಪೂರ್ತಿ ಸಿಗುತ್ತದೆ. ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ರೈತರು ಇದನ್ನು ಕೇಳಿದರೆ ‘ಆ ಅಂಕಿಗಳ ಪುಣ್ಯ’ ಅನ್ನಬಹುದು.

ಎರಡು ಕಾಲುವೆಯಿಂದ ಎರಡು ಉತ್ತರ ಬಂತು: 7 ಮತ್ತು 148000. ಕೊನೆಗೆ ಎಡತುದಿಯಲ್ಲಿ ಕಾದು ನಿಂತ ÷ ಮೊತ್ತವನ್ನು ಉದ್ದದಿಂದ ಭಾಗಿಸುತ್ತದೆ. 21142 ಚಿಲ್ಲರೆ. ಸರಾಸರಿ!

ಈಗ ಆ ಐದು ಚಿಹ್ನೆಗಳನ್ನು ಮತ್ತೊಮ್ಮೆ ನೋಡಿ. ಸರಾಸರಿ ಎಂದರೇನು ಎಂದು ಏಳನೇ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟ ಮಾತೇ ಅದು. ಮೊತ್ತವನ್ನು ಎಣಿಕೆಯಿಂದ ಭಾಗಿಸು. ಏಳು ಅಂಕಿ ಅಂತ ಎಲ್ಲೂ ಹೇಳಿಲ್ಲ, ಒಳಹರಿವು ಅಂತಲೂ ಹೇಳಿಲ್ಲ. ಗಂಗಾವತಿಯ ಭತ್ತದ ಚೀಲಗಳ ತೂಕ ಕೊಟ್ಟರೂ ಅದೇ ಸಾಲು ಸಾಕು.

ರೊಟ್ಟಿ ಅಟ್ಟಿ

ಎರಡು ಉತ್ತರ ಬಂದಾಗ ಅವನ್ನು ಎಲ್ಲಿ ಇಟ್ಟುಕೊಂಡಿತು, ಯಾವುದನ್ನು ಯಾವುದರಿಂದ ಭಾಗಿಸಬೇಕೆಂದು ÷ಗೆ ಹೇಗೆ ಗೊತ್ತಾಯಿತು? ವೀವಾ ತನ್ನ ಅಣ್ಣಂದಿರಿಂದ ಬೇರೆಯಾಗುವುದು ಇಲ್ಲಿ. ಇದು ‘ಸ್ಟ್ಯಾಕ್’ ಇಟ್ಟುಕೊಳ್ಳುವ ಭಾಷೆ.

ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಒಂದರ ಮೇಲೊಂದು ಇಡುತ್ತಾರೆ. ತಿನ್ನುವಾಗ ಮೇಲಿನದು ಮೊದಲು. ಅಡಿಯ ರೊಟ್ಟಿ ಎಳೆಯಲು ಹೋದರೆ ಕಟಕ ರೊಟ್ಟಿ ಮುರಿಯುತ್ತದೆ, ಬೈಗುಳವೂ ಬೀಳುತ್ತದೆ. ಸ್ಟ್ಯಾಕ್ ಹೀಗೆಯೇ. ಯಂತ್ರ ಬಲದಿಂದ ಬರುತ್ತಾ ಅಂಕಿ ಕಂಡರೆ ಅಟ್ಟಿಯ ಮೇಲೆ ಇಡುತ್ತದೆ. ಚಿಹ್ನೆ ಕಂಡರೆ ತನಗೆ ಬೇಕಾದಷ್ಟನ್ನು ಮೇಲಿಂದ ತೆಗೆದು, ಕೆಲಸ ಮಾಡಿ, ಉತ್ತರವನ್ನು ಮತ್ತೆ ಅಟ್ಟಿಯ ಮೇಲೆ ಇಡುತ್ತದೆ.

×3 +2 1

ಬಲದಿಂದ: 1 ಇಟ್ಟಿತು. 2 ಇಟ್ಟಿತು. + ಬಂತು, ಎರಡನ್ನೂ ತೆಗೆದು 3 ಇಟ್ಟಿತು. ಮತ್ತೊಂದು 3 ಇಟ್ಟಿತು. × ಬಂತು, ಎರಡನ್ನೂ ತೆಗೆದು 9 ಇಟ್ಟಿತು. ಅಂಕಿಗಳಿಗೆ ಹೆಸರಿಡುವ ಗೋಜು ಇಲ್ಲ. ಶಾಲೆಯ ‘ಮೊದಲು ಆವರಣ, ಆಮೇಲೆ ಭಾಗಾಕಾರ, ಆಮೇಲೆ ಗುಣಾಕಾರ’ ಎಂಬ ನಿಯಮವೂ ಇಲ್ಲ. ಬಂದ ಸರದಿಯಂತೆ ಕೆಲಸ. ಸರಾಸರಿಯಲ್ಲೂ ಮೇಲಿದ್ದದ್ದು 7, ಕೆಳಗಿದ್ದದ್ದು 148000. ÷ ಯಾವಾಗಲೂ ಕೆಳಗಿನದನ್ನು ಮೇಲಿನದರಿಂದ ಭಾಗಿಸುತ್ತದೆ.

ಕೀಬೋರ್ಡಿನಲ್ಲಿ ಇಲ್ಲವಲ್ಲ!

ಎಲ್ಲರೂ ಕೇಳುವ ಪ್ರಶ್ನೆ ಇದು. ಕನ್ನಡದವರು ಕೇಳಬಾರದ ಪ್ರಶ್ನೆಯೂ ಹೌದು. ನಿಮ್ಮ ಕೀಬೋರ್ಡಿನಲ್ಲಿ ‘ಜ್ಞಾ’ ಎಲ್ಲಿದೆ? ಆದರೂ ದಿನಾ ಬರೆಯುತ್ತೀರಿ. ಇಂಗ್ಲಿಷ್ ಅಕ್ಷರ ಒತ್ತುತ್ತೀರಿ, ಸಾಫ್ಟ್‌ವೇರ್ ಅದನ್ನು ಕನ್ನಡ ಮಾಡುತ್ತದೆ.

ವೀವಾ ಮಾಡುವುದೂ ಇದನ್ನೇ. ಪ್ರತಿ ಚಿಹ್ನೆಗೂ ಒಂದು ಇಂಗ್ಲಿಷ್ ಹೆಸರಿದೆ. ರಿವರ್ಸ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ರನ್ ಮಾಡಿದರೆ ಅದೇ ⇌ ಆಗಿ ಬದಲಾಗುತ್ತದೆ. ಲೆಂಗ್ತ್ ಎಂದರೆ ⧻. ನಕ್ಷತ್ರದ ಗುರುತು * ಒತ್ತಿದರೆ ×, ಶೇಕಡಾ ಗುರುತು % ಒತ್ತಿದರೆ ÷. ಬರೆಯುವಾಗ ಪದ, ಓದುವಾಗ ಚಿಹ್ನೆ.

ವೇಗ ಎಲ್ಲಿಂದ ಬರುತ್ತದೆ?

ಸಿಂಧನೂರು, ಗಂಗಾವತಿ ಕಡೆ ಭತ್ತ ಕೊಯ್ಯುವುದನ್ನು ನೋಡಿ. ಕುಡಗೋಲಿನವರು ಒಂದೊಂದು ಹಿಡಿ ಹಿಡಿದು ಕೊಯ್ಯುತ್ತಾರೆ. ಮಿಷನ್ ಬಂದರೆ ಅಗಲಕ್ಕೆ ಹಲವು ಸಾಲು ಒಂದೇ ಸಲ. ಈಗಿನ ಕಂಪ್ಯೂಟರಿನ ಪ್ರೊಸೆಸರ್‌ಗಳ ಒಳಗೆ ಇಂಥ ಒಂದು ಮಿಷನ್ ಇದೆ. ಒಂದೇ ಆಜ್ಞೆಗೆ ಎಂಟು ಅಂಕಿಗಳನ್ನು ಒಟ್ಟಿಗೆ ಕೂಡುವಂಥದ್ದು ಮಾಮೂಲಿ ಲ್ಯಾಪ್‌ಟಾಪ್‌ಗಳಲ್ಲೂ ಇರುತ್ತದೆ.

ಆದರೆ ಮಿಷನ್ ಇಳಿಯಬೇಕಾದರೆ ಗದ್ದೆ ಸಮತಟ್ಟಾಗಿರಬೇಕು. ಅರೇ ಅಂಥ ಗದ್ದೆ. ಒಂದೇ ಜಾತಿಯ ಅಂಕಿಗಳು ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಕೂತಿರುತ್ತವೆ. ‘ಇಡೀ ಸಾಲಿಗೆ +1’ ಎಂದು ಮೊದಲೇ ಹೇಳಿದ್ದರಿಂದ, ಎಂಟೆಂಟು ಹಿಡಿದು ಮುಗಿಸಬಹುದು ಎಂದು ಭಾಷೆ ಮಾಡಿದವರು ಒಳಗೇ ಏರ್ಪಾಡು ಮಾಡಿಡಬಹುದು. ಪೈಥಾನ್ ಭಾಷೆ ಕಲಿತವರಿಗೆ, ಅದರಲ್ಲಿ ಅರೇ ಲೆಕ್ಕಕ್ಕೆ ಬಳಸುವ ನಂಪೈ ಎಂಬ ಸಲಕರಣೆ ಗೊತ್ತಿರುತ್ತದೆ. ಪೈಥಾನ್‌ನಲ್ಲಿ ಲೂಪ್ ಬರೆದರೆ ನಿಧಾನ, ನಂಪೈನಲ್ಲಿ ಇಡೀ ಅರೇಗೆ ಹೇಳಿದರೆ ಚುರುಕು. ಆ ನಂಪೈನ ಯೋಚನೆಯ ಬೇರುಗಳಲ್ಲಿ ಒಂದು ಎಪಿಎಲ್‌ಗೇ ಹೋಗುತ್ತದೆ. ಅಂದರೆ ಚಿಹ್ನೆ ಮುಟ್ಟದವರೂ ಐವರ್ಸನ್ ಹಾಕಿದ ಪಂಕ್ತಿಯಲ್ಲೇ ಕೂತಿದ್ದಾರೆ.

ತೊಡಕು ಎಲ್ಲಿ?

ಮಿಷನ್ ಎಲ್ಲ ಹೊಲಕ್ಕೂ ಇಳಿಯಲ್ಲ. ಒಂದು ಮನೆತನದ ವಂಶವೃಕ್ಷ ಬರೆಯಬೇಕು ಎಂದುಕೊಳ್ಳಿ. ಒಬ್ಬರಿಗೆ ಇಬ್ಬರು ಮಕ್ಕಳು, ಇನ್ನೊಬ್ಬರಿಗೆ ಐವರು, ಮತ್ತೊಬ್ಬರಿಗೆ ಇಲ್ಲ. ಇದು ಚೌಕದ ಪಟ್ಟಿಗೆ ಕೂರುವುದಿಲ್ಲ. ವೀವಾದಲ್ಲಿ □ ಎಂಬ ಡಬ್ಬಿ ಇದೆ, ಉದ್ದ ಗಿಡ್ಡ ಇರುವುದನ್ನು ಅದರೊಳಗೆ ಹಾಕಿ ಸಾಲು ಮಾಡಬಹುದು. ನಡೆಯುತ್ತದೆ, ಆದರೆ ಆಗ ಬರವಣಿಗೆಯ ಚೆಂದ ಸ್ವಲ್ಪ ಕೆಡುತ್ತದೆ.

ಇನ್ನೊಂದು, ಬೇರೆಯವರು ಬರೆದದ್ದನ್ನು ಓದುವುದು. ಐದು ಚಿಹ್ನೆ ಸರಿ, ಐವತ್ತು ಚಿಹ್ನೆಯ ಸಾಲು ಬಂದರೆ ಬೆವರು ಬರುತ್ತದೆ. 1975ರಲ್ಲೇ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ದೊಡ್ಡ ಕಂಪ್ಯೂಟರ್ ವಿಜ್ಞಾನಿ ಎಪಿಎಲ್ ಅನ್ನು ‘ಪರಿಪೂರ್ಣವಾಗಿ ಮಾಡಿ ಮುಗಿಸಿದ ತಪ್ಪು’ ಎಂಬರ್ಥದಲ್ಲಿ ಜರೆದಿದ್ದರು. ಆ ಜಗಳ ಇನ್ನೂ ಮುಗಿದಿಲ್ಲ.

ಆದರೆ ಒಂದು ವ್ಯತ್ಯಾಸ ಮಾಡಿಕೊಳ್ಳಬೇಕು. ಕಷ್ಟ ಬೇರೆ, ಪರಿಚಯ ಇಲ್ಲದಿರುವುದು ಬೇರೆ. ಮಿರ್ಚಿ ಬಡಿಸುವ ಅದೇ ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಬ್ರಾಹ್ಮಿ ಲಿಪಿ. ಜಾತ್ರೆಗೆ ಬಂದವರಿಗೆ ಅದು ಗೀಚಿದ ಗೆರೆ. ಈ ಲಿಪಿಯನ್ನು ಓದುವುದೇ ಜನಕ್ಕೆ ಮರೆತುಹೋಗಿ, ಕೊನೆಗೆ 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬಿಡಿಸಿದರು. ಈಗ ಆಸಕ್ತಿ ಇರುವ ಪಿಯುಸಿ ಹುಡುಗಿ ರಜೆಯಲ್ಲಿ ಕೂತು ಆ ಅಕ್ಷರಗಳನ್ನು ಕಲಿಯಬಹುದು. ಗೆರೆಗಳು ಬದಲಾಗಲಿಲ್ಲ.

ಕೆಲಸದ ವಿಷಯವನ್ನೂ ಹೇಳಿಬಿಡುತ್ತೇನೆ, ಅಕ್ಕ ಕೇಳಿದ್ದು ಅದನ್ನೇ: “ಇದನ್ನ ಕಲಿತರೆ ನೌಕರಿ ಸಿಗ್ತದೇನು?” ವೀವಾ ಒಂದನ್ನೇ ನಂಬಿಕೊಂಡು ಸಂದರ್ಶನಕ್ಕೆ ಹೋಗಬೇಡಿ. ಭಾಷೆ ಇನ್ನೂ ಎಳೆಯದು, ಚಿಹ್ನೆಗಳು ಆಗಾಗ ಬದಲಾಗುತ್ತವೆ. ಆದರೆ ಇಡೀ ಸಾಲಿಗೆ ಒಮ್ಮೆಲೇ ಯೋಚಿಸುವ ರೂಢಿ ಕೈಗೆ ಹತ್ತಿದರೆ ನಂಪೈ, ಎಕ್ಸೆಲ್ ಎಲ್ಲದರಲ್ಲೂ ಕೆಲಸಕ್ಕೆ ಬರುತ್ತದೆ.

ನೀವೇ ಮಾಡಿ ನೋಡುವುದಾದರೆ

ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ವೀವಾದ ಜಾಲತಾಣದಲ್ಲೇ ‘ಪ್ಯಾಡ್’ ಎಂಬ ಪುಟ ಇದೆ. ಚಿಹ್ನೆಗಳೆಲ್ಲ ಮೇಲೆ ಬಟನ್‌ಗಳಾಗಿ ಇರುತ್ತವೆ, ಒತ್ತಿದರೆ ಸಾಕು.

ಮೊದಲು ಮಗ್ಗಿ ಮಾಡಿ. ⇡10 ಅಂದರೆ 0ಯಿಂದ 9ರವರೆಗಿನ ಸಾಲು. +1⇡10 ಅಂದರೆ 1ರಿಂದ 10. ⊞ ಅಂದರೆ ಈ ಸಾಲಿನ ಪ್ರತಿಯೊಂದನ್ನೂ ಆ ಸಾಲಿನ ಪ್ರತಿಯೊಂದರ ಜೊತೆ ಸೇರಿಸು.

⊞× +1⇡10 +1⇡10

ಒಂದರಿಂದ ಹತ್ತರ ಮಗ್ಗಿ, ನೂರು ಅಂಕಿ, ಚೌಕವಾಗಿ ಬಂದು ಕೂರುತ್ತದೆ. ಇದನ್ನು ಬಾಯಿಪಾಠ ಮಾಡಲು ನಾನು ತಿಂದ ಏಟುಗಳು ನೆನಪಾಗುತ್ತವೆ.

ಆಮೇಲೆ ಗೇಟುಗಳು. 33 ಅಂಕಿ ಬರೆಯಲು ಬೇಜಾರಾದರೆ ಆರು ಸಾಕು:

+1⊚>0 [0 2 0 0 3 1]

ಸೊನ್ನೆಗಿಂತ ಜಾಸ್ತಿ ಎತ್ತಿದವು ಯಾವು, ಅವು ಎಲ್ಲೆಲ್ಲಿವೆ, ಒಂದು ಕೂಡಿಸು. [2 5 6]. ಎರಡು, ಐದು, ಆರನೇ ಗೇಟು ತೆರೆದಿವೆ.

33 ಅಂಕಿಗಳನ್ನೂ ಬರೆದವರಿಗೆ ಇನ್ನೊಂದು. ಸಾಲಿನ ನಿರ್ದಿಷ್ಟ ಜಾಗದಿಂದ ಒಂದನ್ನು ಎತ್ತಿಕೊಡುವ ಚಿಹ್ನೆ ⊡. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋಗಿ ನಮ್ಮೆಲ್ಲರ ನಿದ್ದೆ ಕೆಡಿಸಿದ 19ನೇ ಗೇಟಿನ ಅಂಕಿ ಬೇಕಾದರೆ ⊡19 ಎಂದು ಬರೆಯಬೇಡಿ, ಪಕ್ಕದ ಗೇಟಿನದು ಬರುತ್ತದೆ. ಎಣಿಕೆ ಸೊನ್ನೆಯಿಂದ. ⊡18.

ಅಕ್ಕನ ಮಗ ಮೊದಲ ಸಲ ⊡19 ಅಂತಲೇ ಬರೆದಿದ್ದ.